ರೋಮಕೂಪ ವಿಚಾರ

ಕಳೆದ ತಿಂಗಳು ನಮ್ಮ ಕೈಸೇರಿದ ಪತ್ರಗಳಲ್ಲಿ ಹಾಸನದ ಕಡೆಯ ಗೃಹಿಣಿಯೊಬ್ಬರು ಬರೆದುದೊಂದಿದೆ. ಅವರ ಮಗಳಿಗೆ ಹದಿನೇಳು ವರ್ಷ, ಕಾಲೇಜಿನಲ್ಲಿ ಓದುತ್ತಿದ್ದಾಳೆ. ಬುದ್ಧಿವಂತೆ, ಮನೆಗೆಲಸದಲ್ಲಿಯೂ ಚುರುಕು. ಆದರೆ ಒಂದು ವರ್ಷದಿಂದೀಚೆಗೆ ಆ ಹುಡುಗಿಯು ತನ್ನ ಮೂಗಿನ ಮೇಲೂ ಕೆನ್ನೆಗಳ ಮೇಲೂ ಇರುವ ಸಣ್ಣ ಸಣ್ಣ ತೂತುಗಳನ್ನು ಮೊಬೈಲಿನ ಚಿತ್ರದಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿಕೊಳ್ಳುತ್ತ ಕೊರಗುತ್ತಾಳಂತೆ. ನಿಂಬೆಯ ಹೋಳು, ಅಡಿಗೆ ಸೋಡ, ಸಕ್ಕರೆ ಇವುಗಳಿಂದ ಮುಖವನ್ನು ತಿಕ್ಕಿದ್ದಾಯಿತು. ಬಿಸಿನೀರಿನ ಹಬೆಗೆ ಮುಖವೊಡ್ಡಿ ಆಮೇಲೆ ಮಂಜುಗಡ್ಡೆಯನ್ನು ಉಜ್ಜಿದ್ದಾಯಿತು. ಸೋದರಮಾವನ ಮನೆಯ ಮದುವೆಗೆ ಬರಲೊಲ್ಲೆನೆಂದು ಹಟಮಾಡಿ ಮನೆಯಲ್ಲಿಯೇ ಉಳಿದಳಂತೆ. ಈಗ ಎರಡು ತಿಂಗಳಿಂದ ಗೆಳತಿಯೊಬ್ಬಳು ಹೇಳಿದ ಯಾವುದೋ ಟ್ಯೂಬಿನ ಮುಲಾಮನ್ನು ಔಷಧದಂಗಡಿಯಿಂದ ತರಿಸಿ ಹಚ್ಚುತ್ತಿದ್ದಾಳೆ. ಮೊದಲ ವಾರ ಮುಖವು ನುಣ್ಣಗೆ ಹೊಳೆಯಿತು. ಈಗ ಬಿಸಿಲಿಗೆ ಹೋದರೆ ಕೆಂಪೇರಿ ಉರಿಯುತ್ತದೆ, ಒಂದು ದಿನ ಹಚ್ಚದಿದ್ದರೆ ಗುಳ್ಳೆಗಳೇಳುತ್ತವೆ. ಇಷ್ಟನ್ನೆಲ್ಲ ಬರೆದು ಆ ತಾಯಿಯು ನಮ್ಮನ್ನು ಕೇಳಿರುವ ಪ್ರಶ್ನೆ ಒಂದೇ: ಈ ತೂತುಗಳನ್ನು ಮುಚ್ಚುವ ಉಪಾಯವೇನು?

ಪತ್ರದ ಕಡೆಯ ಸಂಗತಿಯೇ ಎಲ್ಲಕ್ಕಿಂತ ಜರೂರಾದುದಾದ್ದರಿಂದ ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇವೆ. ಆ ಟ್ಯೂಬಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಏನು ಅಚ್ಚಾಗಿದೆಯೆಂಬುದನ್ನು ಕನ್ನಡಕ ಹಾಕಿಕೊಂಡು ಓದಬೇಕು. ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಎಂಬ ಹೆಸರುಗಳಲ್ಲಿ ಯಾವುದೊಂದಿದ್ದರೂ ಅದು ಸ್ಟೀರಾಯ್ಡ್ ಎಂಬ ಜಾತಿಯ ಔಷಧ. ಇಸುಬು ಮೊದಲಾದ ಚರ್ಮರೋಗಗಳಲ್ಲಿ ವೈದ್ಯರು ದಿನಗಳನ್ನೆಣಿಸಿ ಕೊಡತಕ್ಕ ಒಳ್ಳೆಯ ಔಷಧವೇ ಅದು. ಆದರೆ ಮುಖಕ್ಕೆ ವಾರಗಟ್ಟಲೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವನ್ನು ತೆಳ್ಳಗೆ ಮಾಡುತ್ತದೆ. ಒಳಗಿನ ಸಣ್ಣ ರಕ್ತನಾಳಗಳು ಕೆಂಪು ದಾರಗಳಂತೆ ಕಾಣತೊಡಗುತ್ತವೆ. ಕೂದಲು ಬೆಳೆಯುವುದೂ ಮೊಡವೆಗಳು ಒತ್ತಾಗಿ ಏಳುವುದೂ ಉಂಟು. ಮೊದಲು ಕೆಂಪನ್ನು ಅಡಗಿಸಿ ಬೆಳ್ಳಗೆ ತೋರಿಸುವುದರಿಂದ ಜನರು ಮರುಳಾಗುತ್ತಾರೆ. ಬಿಟ್ಟೊಡನೆ ಮುಖವು ಕೆರಳುವುದರಿಂದ ಮತ್ತೆ ಅದನ್ನೇ ಹಚ್ಚುತ್ತಾರೆ. ಬಡ್ಡಿ ತೀರಿಸಲು ಮತ್ತೆ ಸಾಲ ಮಾಡಿದಂತೆ. ಇದರ ದುರುಪಯೋಗವು ಹೆಚ್ಚಿತೆಂದು ಚರ್ಮವೈದ್ಯರು ವರ್ಷಗಟ್ಟಲೆ ಕೂಗಿಕೊಂಡ ಮೇಲೆ 2018ರಲ್ಲಿ ಕೇಂದ್ರ ಸರಕಾರವು ಇಂತಹ 14 ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ಕೇಳಿದವರಿಗೆ ಕೊಡುವ ಅಂಗಡಿಗಳಿಗೆ ಬರವಿಲ್ಲ. ಆದುದರಿಂದ ಆ ತಾಯಿಯು ಈ ವಾರವೇ ಟ್ಯೂಬನ್ನು ಕೈಯಲ್ಲಿ ಹಿಡಿದು ಮಗಳೊಡನೆ ಚರ್ಮವೈದ್ಯರಲ್ಲಿಗೆ ಹೋಗತಕ್ಕದ್ದು. ಸರಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ವಿಭಾಗವಿರುತ್ತದೆ. ಎರಡು ತಿಂಗಳು ಹಚ್ಚಿದುದನ್ನು ತಾವಾಗಿಯೇ ತಟ್ಟನೆ ನಿಲ್ಲಿಸಿದರೆ ಕೆಲವರಿಗೆ ಉರಿಯೂ ಕೆಂಪೂ ಇಮ್ಮಡಿಯಾಗುತ್ತವೆ. ಹೇಗೆ ಬಿಡಿಸಬೇಕೆಂಬುದನ್ನು ವೈದ್ಯರೇ ಹೇಳಬೇಕು. ಹುಡುಗಿಯನ್ನು ಬೈಯಬಾರದು. ಬೈದರೆ ಅವಳು ಟ್ಯೂಬನ್ನು ಬಚ್ಚಿಟ್ಟುಕೊಳ್ಳುತ್ತಾಳೆಯೇ ಹೊರತು ಬಿಸಾಡುವುದಿಲ್ಲ.

ಇನ್ನು ತೂತುಗಳ ವಿಷಯ. ಅವುಗಳನ್ನು ಮುಚ್ಚುವ ಉಪಾಯವು ಇಲ್ಲ. ಮುಚ್ಚಬೇಕಾದ ಆವಶ್ಯಕತೆಯೂ ಇಲ್ಲ. ಈ ಮಾತನ್ನು ಒಪ್ಪಬೇಕಾದರೆ ಅವು ಏನೆಂಬುದು ತಿಳಿಯಬೇಕಷ್ಟೆ.

ನಮ್ಮ ಹಿಂದಿನವರು ಇವಕ್ಕೆ ಇಟ್ಟ ಹೆಸರು ರೋಮಕೂಪ ಅಥವಾ ಲೋಮಕೂಪ. ಕೂಪವೆಂದರೆ ಬಾವಿ. ಈಗಿನ ಜಾಹೀರಾತುಗಳಲ್ಲಿ ಚರ್ಮರಂಧ್ರವೆಂಬ ಮಾತು ಹೆಚ್ಚಾಗಿ ಕಾಣುತ್ತದೆ. ಸಂಸ್ಕೃತದಲ್ಲಿ ರಂಧ್ರವೆಂಬುದಕ್ಕೆ ತೂತು ಎಂಬರ್ಥವಲ್ಲದೆ ದೋಷ, ಕುಂದು ಎಂಬರ್ಥವೂ ಉಂಟು. ಪರರ ತಪ್ಪುಗಳನ್ನು ಹುಡುಕುವ ಕೆಲಸಕ್ಕೆ ರಂಧ್ರಾನ್ವೇಷಣವೆಂದೇ ಹೆಸರು. ಕನ್ನಡಿಯ ಮುಂದೆ ನಿಂತು ತನ್ನ ಮುಖದಲ್ಲಿಯೇ ರಂಧ್ರಾನ್ವೇಷಣ ಮಾಡುವವರಿಗೆ ಆ ಹೆಸರು ಒಪ್ಪಬಹುದು. ಚರ್ಮದ ನಿಜಕ್ಕೆ ಒಪ್ಪುವುದು ಕೂಪವೆಂಬ ಹೆಸರೇ. ತೂತಾದರೆ ಈಚೆಯಿಂದ ಆಚೆಗೆ ದಾರಿ, ಅದನ್ನು ಮುಚ್ಚುವುದೇ ಲೇಸು. ಬಾವಿಗಾದರೋ ಬಾಯಿಯುಂಟು, ಆಳವುಂಟು, ತಳವುಂಟು, ಪಕ್ಕದಲ್ಲಿ ಒಸರುವ ಸೆಲೆಯುಂಟು. ಚರ್ಮದ ಮೇಲುಪದರವೇ ಒಳಕ್ಕೆ ಇಳಿದು ಈ ಬಾವಿಯ ಸುತ್ತುಗೋಡೆಯಾಗಿದೆ. ತಳದಲ್ಲಿ ಕೂದಲಿನ ಬೇರು. ಪಕ್ಕದಲ್ಲಿ ಎಣ್ಣೆಯನ್ನು ಒಸರುವ ಸಣ್ಣ ಗ್ರಂಥಿ. ಇದನ್ನು ನಾವು ಸ್ನೇಹಗ್ರಂಥಿಯೆಂದು ಕರೆಯುತ್ತೇವೆ. ಎಣ್ಣೆಗೂ ಪ್ರೀತಿಗೂ ಒಂದೇ ಶಬ್ದವನ್ನಿಟ್ಟ ಭಾಷೆಯಿಂದ ಬಂದ ಹೆಸರಾದುದರಿಂದ ಈ ಗ್ರಂಥಿಯ ಮೇಲೆ ಹುಡುಗಿಯರಿಗೆ ಇರುವ ಕೋಪವು ಸ್ವಲ್ಪ ಇಳಿದರೂ ಇಳಿಯಬಹುದು.

ಮನುಷ್ಯನ ಮೈಮೇಲೆ ಇಂತಹ ಬಾವಿಗಳು ಸುಮಾರು 50 ಲಕ್ಷ. ತಲೆಯ ಮೇಲಿರುವುವು ಅದರಲ್ಲಿ ಸುಮಾರು ಒಂದು ಲಕ್ಷ ಮಾತ್ರವೆಂದರೆ ಅನೇಕರಿಗೆ ಆಶ್ಚರ್ಯವಾಗುತ್ತದೆ. ಉಳಿದೆಡೆಗಳಲ್ಲಿ ಕೂದಲು ಕಣ್ಣಿಗೆ ಬೀಳದಷ್ಟು ನವಿರಾದುದು. ಅಂಗೈ ಅಂಗಾಲುಗಳಲ್ಲಿ ಮಾತ್ರ ಒಂದೂ ಇಲ್ಲ. ಹಣೆ, ಮೂಗು, ಗಲ್ಲ ಇವುಗಳಲ್ಲಿ ಕೂದಲು ಅತಿ ಸಣ್ಣದು, ಎಣ್ಣೆಯ ಗ್ರಂಥಿ ಬಲು ದೊಡ್ಡದು. ಅಲ್ಲಿಯ ಬಾವಿಗಳ ಬಾಯಿ ಅಗಲವಾಗಿರುವುದಕ್ಕೆ ಇದೇ ಕಾರಣ. ಅಗಲವೆಂದರೂ ಅರ್ಧ ಮಿಲಿಮೀಟರಿಗಿಂತ ಕಡಮೆ. ಹದಿಹರೆಯ ಬಂದೊಡನೆ ದೇಹದೊಳಗಿನ ಹಾರ್ಮೋನುಗಳ ಪ್ರೇರಣೆಯಿಂದ ಈ ಗ್ರಂಥಿಗಳು ದೊಡ್ಡವಾಗಿ ಹೆಚ್ಚು ಎಣ್ಣೆಯನ್ನು ಕೊಡುತ್ತವೆ. ಹತ್ತು ವರ್ಷದ ಮಗುವಿನ ಮೂಗು ನುಣುಪು, ಹದಿನೇಳರ ಹುಡುಗಿಯ ಮೂಗು ಚುಕ್ಕೆಚುಕ್ಕೆ. ತಾಯಿತಂದೆಯರ ಚರ್ಮ ಹೇಗಿತ್ತೋ ಮಕ್ಕಳದೂ ಬಹುಮಟ್ಟಿಗೆ ಹಾಗೆಯೇ. ಮಗಳ ಮೂಗನ್ನು ಕುರಿತು ಚಿಂತಿಸುವ ತಂದೆಯು ತನ್ನ ಮೂಗನ್ನೂ ಒಮ್ಮೆ ನೋಡಿಕೊಂಡರೆ ಮೂಲವು ತಿಳಿದುಬರುತ್ತದೆ.

ಬಾವಿಯ ಬಾಯಿಯನ್ನು ತೆರೆಯುವುದೂ ಮುಚ್ಚುವುದೂ ಸಾಧ್ಯವೆಂಬ ನಂಬಿಕೆ ಎಲ್ಲಿಂದ ಬಂದಿತು? ಅಲ್ಲಿ ಸ್ನಾಯುವೊಂದು ಇರುವುದೇನೋ ನಿಜ. ಕೂದಲಿನ ಬುಡದ ಕಡೆಗೆ ಓರೆಯಾಗಿ ಕಟ್ಟಿಕೊಂಡಿರುವ ಸೂಕ್ಷ್ಮವಾದ ಸ್ನಾಯು ಅದು. ಚಳಿಯಾದಾಗ, ಭಯವಾದಾಗ, ಒಳ್ಳೆಯ ಸಂಗೀತವನ್ನು ಕೇಳಿದಾಗ ಅದು ಬಿಗಿಯುತ್ತದೆ; ಬಾಗಿದ ಕೂದಲು ನೆಟ್ಟಗಾಗುತ್ತದೆ; ಸುತ್ತಲಿನ ಚರ್ಮವು ಬೊಬ್ಬೆಯಂತೆ ಉಬ್ಬುತ್ತದೆ. ಕವಿಗಳು ಹೇಳುವ ರೋಮಾಂಚ, ಪುಲಕ ಇದೇ. ಕನ್ನಡದಲ್ಲಿ ನವಿರೇಳುವುದೆಂದರೆ ಇನ್ನೂ ಸೊಗಸು. ಆದರೆ ಆ ಸ್ನಾಯು ಹಿಡಿದಿರುವುದು ಬುಡದ ಕಡೆಯನ್ನು, ಬಾಯಿಯನ್ನಲ್ಲ. ಬಾಯಿಯ ಸುತ್ತ ಸಂಚಿಯ ದಾರದಂತೆ ಎಳೆದು ಬಿಗಿಯತಕ್ಕ ಸ್ನಾಯು ಒಂದೂ ಇಲ್ಲ.

ಐರೋಪ್ಯರು ಒಂದು ಕಾಲಕ್ಕೆ ಚರ್ಮವನ್ನು ಕಿಟಕಿಗಳುಳ್ಳ ಮನೆಯೆಂದೇ ಭಾವಿಸಿದ್ದರು. ಬಿಸಿನೀರಿನಲ್ಲಿ ಮಿಂದರೆ ಕಿಟಕಿಗಳು ತೆರೆದುಕೊಂಡು ಪ್ಲೇಗಿನ ವಿಷವಾಯು ಒಳನುಗ್ಗುತ್ತದೆಂದು ಹದಿನಾರನೆಯ ಶತಮಾನದ ವೈದ್ಯರು ಸಾರ್ವಜನಿಕ ಸ್ನಾನಗೃಹಗಳನ್ನು ಮುಚ್ಚಿಸಬೇಕೆಂದು ಬೋಧಿಸಿದರು. ಫ್ರಾನ್ಸಿನ ಹೆಸರಾಂತ ಶಸ್ತ್ರವೈದ್ಯನಾದ ಆಂಬ್ರ್ವಾಸ್ ಪಾರೆಯದೂ ಇದೇ ಮತ. ಪ್ಲೇಗನ್ನು ತರುವುದು ಇಲಿಗಳ ಮೈಮೇಲಿನ ಚಿಗಟವೆಂಬುದು ಗೊತ್ತಾದದ್ದು ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ. ಪ್ಲೇಗಿನ ವಾದವು ಹೋಯಿತು. ಕಿಟಕಿಯ ಕಲ್ಪನೆ ಮಾತ್ರ ಉಳಿದುಕೊಂಡು ಈಗ ಹಬೆಯ ಯಂತ್ರಗಳನ್ನೂ, ಮುಖವನ್ನು ಬಿಗಿಮಾಡುವ ಸೀಸೆನೀರನ್ನೂ ಮಾರುವವರಿಗೆ ಜೀವನೋಪಾಯವಾಗಿದೆ. ಚರ್ಮವು ಈ ಬಾಯಿಗಳ ಮೂಲಕ ಉಸಿರಾಡುತ್ತದೆಂಬ ಮಾತೂ ಇದೇ ಬಗೆಯದು. ನಾವು ಉಸಿರಾಡುವುದು ಪುಪ್ಪುಸಗಳಿಂದ, ರೋಮಕೂಪಗಳಿಂದಲ್ಲ.

ಹಾಗಾದರೆ ಹಬೆಗೆ ಮುಖವೊಡ್ಡಿದಾಗ ಆಗುವುದೇನು? ಬಾಯಿಯಲ್ಲಿ ಗಟ್ಟಿಯಾಗಿರುವ ಎಣ್ಣೆ ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟೆ. ಮಂಜುಗಡ್ಡೆಯಿಂದ ರಕ್ತನಾಳಗಳು ಕುಗ್ಗಿ ಚರ್ಮವು ಬಿಗಿದಂತೆ ಸ್ವಲ್ಪ ಹೊತ್ತು ತೋರುತ್ತದೆ. ಆಮೇಲೆ ಮೊದಲಿನ ಹಾಗೆಯೇ. ಕುದಿಯುವ ಪಾತ್ರೆಯ ಮೇಲೆ ಬಗ್ಗಿ ಮುಖವನ್ನು ಸುಟ್ಟುಕೊಂಡವರುಂಟು. ಮನೆಯಲ್ಲಿ ಚಿಕ್ಕಮಕ್ಕಳಿದ್ದರೆ ಆ ಪಾತ್ರೆಯು ಉರುಳಿ ಆಗುವ ಅನಾಹುತವು ಇನ್ನೂ ದೊಡ್ಡದು. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ, ಬಿಸಿನೀರು ಕುತ್ತಿಗೆಯ ಕೆಳಗಿನ ಮೈಗೆ ಬಲವನ್ನು ಕೊಡುತ್ತದೆಂದೂ ಅದೇ ಬಿಸಿನೀರು ತಲೆಗೆ ಬಿದ್ದರೆ ಕೂದಲಿನ ಮತ್ತು ಕಣ್ಣಿನ ಬಲವನ್ನು ಕಳೆಯುತ್ತದೆಂದೂ ಭೇದಮಾಡಿ ಹೇಳಿದ್ದಾನೆ. ಮುಖಕ್ಕೆ ಉಗುರುಬೆಚ್ಚಗಿನ ನೀರೋ ತಣ್ಣೀರೋ ಸಾಕೆಂದು ಈಗಿನ ಚರ್ಮವೈದ್ಯರು ಹೇಳುವುದಕ್ಕೂ ಇದಕ್ಕೂ ಕಾರಣಗಳು ಬೇರೆಯಾದರೂ, ಮನೆಯವರು ಮಾಡತಕ್ಕ ಕೆಲಸ ಒಂದೇ.

ಮೂಗಿನ ಪಕ್ಕವನ್ನು ಅದುಮಿದರೆ ಬಿಳಿಯ ನೂಲಿನಂತಹದು ಹೊರಬರುವುದನ್ನು ಕಂಡು ಹುಡುಗರು ಹೇಸುತ್ತಾರೆ. ಅದು ಕೊಳೆಯಲ್ಲ. ಬಾವಿಯ ಗೋಡೆಯಿಂದ ಉದುರಿದ ಹೊಟ್ಟೂ ಎಣ್ಣೆಯೂ ಸೇರಿ ಆದುದು. ಎಲ್ಲರ ಮೂಗಿನಲ್ಲಿಯೂ ಇರತಕ್ಕದ್ದು. ಹಿಂಡಿ ತೆಗೆದರೆ ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಅಂಟುಪಟ್ಟಿಯನ್ನು ಮೂಗಿಗೆ ಮೆತ್ತಿ ಕೀಳುವುದರಿಂದಲೂ ಅಷ್ಟೇ ಫಲ. ಇದೇ ವಸ್ತು ಬಾಯಿಯಲ್ಲಿ ಗಟ್ಟಿಯಾಗಿ ಬಿರಡೆಯಂತೆ ನಿಂತು ಮೇಲ್ಭಾಗವು ಕಪ್ಪಾದರೆ ಅದನ್ನು ಅಂಗಡಿಯವರು ಬ್ಲ್ಯಾಕ್‌ಹೆಡ್ ಎನ್ನುತ್ತಾರೆ. ಆ ಕಪ್ಪು ಧೂಳಿನಿಂದ ಬಂದುದಲ್ಲ. ಚರ್ಮಕ್ಕೆ ಬಣ್ಣ ಕೊಡುವ ವರ್ಣದ್ರವ್ಯವೂ ಗಾಳಿ ಸೋಕಿ ಮಾರ್ಪಟ್ಟ ಎಣ್ಣೆಯೂ ಕಪ್ಪಾಗಿ ಕಾಣುವುದು. ತೊಳೆದರೆ ಹೋಗುವ ಕೊಳೆಯಾಗಿದ್ದರೆ ತೊಳೆದಾಗಲೇ ಹೋಗಬೇಕಾಗಿತ್ತಲ್ಲವೆ? ಹೋಗಲಿಲ್ಲವೆಂದು ಇನ್ನೂ ಬಲವಾಗಿ ತಿಕ್ಕುವುದು ನಮ್ಮ ಹುಡುಗಿಯರು ಮಾಡುವ ಕೆಲಸ. ತಿಕ್ಕಿದಷ್ಟೂ ಚರ್ಮವು ಗಾಯಗೊಂಡು ಊದುತ್ತದೆ. ಊದಿದ ಚರ್ಮದಲ್ಲಿ ಬಾಯಿಗಳು ಇನ್ನೂ ಎದ್ದುಕಾಣುತ್ತವೆ.

ನಿಂಬೆಯ ಹೋಳಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಳಿಯನ್ನೂ ಕ್ಷಾರವನ್ನೂ ಅಳೆಯಲು ರಸಾಯನಶಾಸ್ತ್ರದವರು 0ಯಿಂದ 14ರವರೆಗಿನ ಒಂದು ಮಾನವನ್ನಿಟ್ಟಿದ್ದಾರೆ. ನಡುವಣ 7 ಶುದ್ಧಜಲದ್ದು. ಅದಕ್ಕಿಂತ ಕೆಳಗಿನದು ಹುಳಿ, ಮೇಲಿನದು ಕ್ಷಾರ. ಆರೋಗ್ಯವಾದ ಚರ್ಮದ ಮೇಲ್ಮೈ ಸುಮಾರು 5ರಲ್ಲಿರುತ್ತದೆ. ಈ ಮಂದವಾದ ಹುಳಿಯೇ ಅನೇಕ ಕ್ರಿಮಿಗಳನ್ನು ದೂರವಿಡುವ ಕಾವಲು. ನಿಂಬೆಯ ರಸವು ಸುಮಾರು 2. ಮೂರೇ ಅಂಕಗಳ ಅಂತರವೆಂದು ತಿಳಿಯಬಾರದು. ಈ ಮಾನದಲ್ಲಿ ಒಂದೊಂದು ಅಂಕಕ್ಕೂ ಹತ್ತುಪಟ್ಟು. ಆದುದರಿಂದ ನಿಂಬೆಯ ರಸವು ಚರ್ಮಕ್ಕಿಂತ ಸಾವಿರಪಟ್ಟು ಹುಳಿ. ಮೇಲಾಗಿ ನಿಂಬೆಯ ರಸ ಸೋಕಿದ ಚರ್ಮವು ಬಿಸಿಲಿಗೆ ಬಿದ್ದರೆ ಬೊಕ್ಕೆಯೆದ್ದು ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುವುದುಂಟು. ಅಡಿಗೆ ಸೋಡವು 8ಕ್ಕೆ ಮೇಲೆ, ಬಟ್ಟೆ ಒಗೆಯುವ ಮತ್ತು ಮೈಗೆ ಹಚ್ಚುವ ಸಾಧಾರಣ ಸಾಬೂನುಗಳು 9ರಿಂದ 10. ಹುಳಿಯಿಂದ ಕ್ಷಾರಕ್ಕೆ, ಕ್ಷಾರದಿಂದ ಹುಳಿಗೆ ಮುಖವನ್ನು ದಿನವೂ ಎಳೆದಾಡುವುದು ಯಾವ ಅಂದಕ್ಕೆ? ನಿಂಬೆಹಣ್ಣು ಚಿತ್ರಾನ್ನದಲ್ಲಿರಲಿ, ಮುಖದಿಂದ ದೂರವಿರಲಿ.

ಮೊಡವೆಗೂ ಇದೇ ಬಾವಿಯೇ ತವರು. ಬಾಯಿ ಕಟ್ಟಿದ ಬಾವಿಯೊಳಗೆ ಎಣ್ಣೆ ನಿಂತು, ಅಲ್ಲಿಯೇ ವಾಸಿಸುವ ಸೂಕ್ಷ್ಮಜೀವಿಗಳು ಹೆಚ್ಚಿ, ಸುತ್ತಲೂ ಊದಿಕೊಂಡರೆ ಅದು ಮೊಡವೆ. ಸುಶ್ರುತನು ತರುಣರ ಮುಖದಲ್ಲೇಳುವ ಈ ಗುಳ್ಳೆಗಳನ್ನು ಬೂರುಗದ ಮರದ ಮುಳ್ಳುಗಳಿಗೆ ಹೋಲಿಸಿ ಮುಖದೂಷಿಕೆಯೆಂದು ಕರೆದಿದ್ದಾನೆ. ಬೂರುಗದ ಬೊಡ್ಡೆಯ ಮೇಲೆ ಅಗಲವಾದ ಬುಡದಿಂದ ಮೊನಚಾಗಿ ಎದ್ದಿರುವ ಮುಳ್ಳನ್ನು ಕಂಡವರಿಗೆ ಈ ಹೋಲಿಕೆಯ ಬೆಲೆ ತಿಳಿಯುತ್ತದೆ. ಆದರೆ ಆತನು ಇದನ್ನು ಸೇರಿಸಿರುವುದು ಕ್ಷುದ್ರರೋಗಗಳ ಅಧ್ಯಾಯದಲ್ಲಿ. ಕ್ಷುದ್ರವೆಂದರೆ ಸಣ್ಣದು. ಪ್ರಾಣಕ್ಕೆ ಅಪಾಯವಿಲ್ಲವೆಂಬ ಅರ್ಥದಲ್ಲಿ ಅದು ಸರಿಯೇ. ನಾವಾದರೋ ಮೂವತ್ತು ವರ್ಷ ಹತ್ತನೆಯ ತರಗತಿಯ ಮಕ್ಕಳ ಮುಖಗಳನ್ನೇ ನೋಡುತ್ತಿದ್ದವರು. ಮುಖದ ತುಂಬ ಮೊಡವೆಯೆದ್ದ ಹುಡುಗನು ಒಂದೊಂದೇ ಬೆಂಚು ಹಿಂದಕ್ಕೆ ಸರಿಯುತ್ತ ಕಡೆಯ ಸಾಲಿಗೆ ಸೇರುವುದನ್ನೂ, ಉತ್ತರ ಗೊತ್ತಿದ್ದರೂ ಏಳದಿರುವುದನ್ನೂ, ಹುಡುಗಿಯು ಕೆನ್ನೆಗೆ ಕೈಯಾನಿಸಿಯೇ ಮಾತನಾಡುವುದನ್ನೂ ಬಲ್ಲೆವು. ಅವರ ಪಾಲಿಗೆ ಅದು ಕ್ಷುದ್ರವಲ್ಲ. ವಯಸ್ಸಿನ ಮೊಡವೆ, ತಾನಾಗಿ ಹೋಗುತ್ತದೆ ಎಂದು ಹಿರಿಯರು ಕೈಬೀಸಿ ಹೇಳುವ ಮಾತಿನಲ್ಲಿ ಅರ್ಧ ನಿಜವಿದೆ. ಹೋಗುವಾಗ ಕುಳಿಗಳನ್ನು ಬಿಟ್ಟುಹೋದರೆ ಅವು ಜೀವಮಾನವಿಡೀ ಉಳಿಯುತ್ತವೆಂಬುದು ಇನ್ನರ್ಧ. ಗಟ್ಟಿಯಾದ ಗಂಟುಗಳೆದ್ದರೆ, ಕೀವು ತುಂಬಿದರೆ, ಕಲೆ ಕುಳಿಗಳು ಬೀಳತೊಡಗಿದರೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಉಗುರಿನಿಂದ ಹಿಂಡುವುದು ಎಲ್ಲ ಕಡೆಯೂ ಕೆಟ್ಟದ್ದು; ಮೂಗು ಮತ್ತು ಮೇಲ್ದುಟಿಯ ಸುತ್ತಮುತ್ತ ಇನ್ನೂ ಕೆಟ್ಟದ್ದು. ಆ ಭಾಗದ ರಕ್ತನಾಳಗಳಿಗೆ ಮಿದುಳಿನ ಕಡೆಯ ನಾಳಗಳೊಡನೆ ಸಂಪರ್ಕವಿರುವುದರಿಂದ ಅಪರೂಪವಾಗಿಯಾದರೂ ಕೀವಿನ ವಿಷವು ಒಳಗೇರಿ ಪ್ರಾಣಕ್ಕೆ ಬಂದದ್ದುಂಟು. ಮತ್ತೆ ಮತ್ತೆ ಕುರುವೇಳುವ ನಡುವಯಸ್ಸಿನವರು ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಆರೈಕೆಯೆಂದರೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ; ಅಂಗಡಿಯವರಿಗೆ ಇಷ್ಟವಾಗದ ಸಂಗತಿ ಅದೇ. ಬೆಳಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಬಹಳ ಬೆವರಿದಾಗ ಇನ್ನೊಮ್ಮೆ, ಖಾರವಲ್ಲದ ಮುಖಮಾರ್ಜಕದಿಂದ ಬೆರಳ ತುದಿಗಳಲ್ಲಿ ಮೃದುವಾಗಿ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ನೀರನ್ನು ತೆಗೆಯುವುದು. ಆ ಬಟ್ಟೆ ಅವರವರದೇ ಆಗಿರಬೇಕು. ಮನೆಮಂದಿಗೆಲ್ಲ ಒಂದೇ ಟವಲು ಎಂಬುದು ಮಿತವ್ಯಯವಲ್ಲ. ಕಡಲೆಹಿಟ್ಟು, ಹೆಸರುಹಿಟ್ಟು ಬಳಸುವ ಮನೆಗಳಲ್ಲಿ ಅವನ್ನು ನುಣ್ಣಗೆ ಜರಡಿಯಾಡಿ, ನೀರಿನಲ್ಲಿ ಚೆನ್ನಾಗಿ ಕಲಸಿ, ತಿಕ್ಕದೆ ಸವರಿ ತೊಳೆದರೆ ಅಡ್ಡಿಯಿಲ್ಲ. ತರಿತರಿಯಾದ ಹಿಟ್ಟು ಮುಖಕ್ಕೆ ಸಲ್ಲದು. ದಿನಕ್ಕೆ ಐದಾರು ಸಲ ತೊಳೆದರೆ ಎಣ್ಣೆ ಕಡಮೆಯಾಗುವುದೆಂಬುದು ಭ್ರಮೆ. ಚರ್ಮವು ಒಣಗಿ ಬಿರಿಯುತ್ತದೆ, ಗ್ರಂಥಿಯು ತನ್ನ ಕೆಲಸವನ್ನು ತಾನು ಮಾಡುತ್ತಲೇ ಇರುತ್ತದೆ.

ಅಭ್ಯಂಜನದ ವಿಷಯದಲ್ಲಿ ನಮ್ಮನ್ನು ಯಾರೂ ತಪ್ಪು ತಿಳಿಯಬಾರದು. ನರಕ ಚತುರ್ದಶಿಯ ಎಣ್ಣೆನೀರನ್ನು ಬಿಡಿಸುವ ಸಾಹಸಕ್ಕೆ ನಾವು ಇಳಿದಿಲ್ಲ. ಆದರೆ ತಲೆಗೆ ದಿನವೂ ಕೊಬ್ಬರಿ ಎಣ್ಣೆಯನ್ನು ಇಳಿಯುವಂತೆ ಹಚ್ಚಿದರೆ ಹಣೆಯ ಮೇಲೂ ಕಪೋಲದ ಅಂಚಿನಲ್ಲಿಯೂ ಬಾವಿಗಳ ಬಾಯಿ ಕಟ್ಟಿ ಸಾಲಾಗಿ ಗುಳ್ಳೆಗಳೇಳುತ್ತವೆ. ಕೂದಲಿಗೆ ಜಿಡ್ಡು ಹಚ್ಚುವುದರಿಂದ ಬರುವ ಈ ಮೊಡವೆಯನ್ನು 1970ರಲ್ಲಿಯೇ ಅಮೆರಿಕದ ಚರ್ಮವೈದ್ಯರು ವಿವರಿಸಿ ಬರೆದಿದ್ದಾರೆ. ವಾಗ್ಭಟನೂ ದಿನನಿತ್ಯದ ಅಭ್ಯಂಗವನ್ನು ಹೊಗಳಿ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಬೇಕೆಂದು ವಿಧಿಸಿದ ಮೇಲೆ, ಕಫದಿಂದ ಪೀಡಿತರಾದವರಿಗೆ ಅದನ್ನು ನಿಷೇಧಿಸಿದ್ದಾನೆ. ಮುಖದೂಷಿಕೆಯ ಕಾರಣಗಳಲ್ಲಿ ಸುಶ್ರುತನು ಕಫವನ್ನು ಹೇಳಿರುವುದರಿಂದ, ಮೊಡವೆಯ ಮುಖಕ್ಕೆ ಎಣ್ಣೆಯನ್ನು ಬಳಿಯುವುದಕ್ಕೆ ಶಾಸ್ತ್ರದ ಬೆಂಬಲವೂ ಇಲ್ಲವೆಂದೇ ನಮ್ಮ ಅಭಿಪ್ರಾಯ. ಹುಡುಗಿಗೆ ಎಣ್ಣೆಯನ್ನು ವಾರಕ್ಕೊಮ್ಮೆ ಹಚ್ಚಿ, ಅದೇ ದಿನ ಸೀಗೆಪುಡಿಯಿಂದ ತಲೆಯನ್ನು ತೊಳೆದು, ದಿಂಬಿನ ಚೀಲವನ್ನು ಬದಲಾಯಿಸಿದರೆ ಅಜ್ಜಿಯ ಮಾತೂ ಉಳಿಯಿತು, ಹಣೆಯೂ ಉಳಿಯಿತು.

ಬಾಯಿಗಳು ಅಗಲವಾಗಿ ಕಾಣುವುದಕ್ಕೆ ಎಣ್ಣೆಯು ಒಂದು ಕಾರಣವಾದರೆ ಬಿಸಿಲು ಇನ್ನೊಂದು. ಬಾವಿಯ ಸುತ್ತಲಿನ ಮಣ್ಣು ಗಟ್ಟಿಯಾಗಿದ್ದರೆ ಬಾಯಿ ಕುಸಿಯದು; ಚರ್ಮದೊಳಗಿನ ನಾರುಗಳು ಆ ಮಣ್ಣು. ವರ್ಷಗಟ್ಟಲೆಯ ಬಿಸಿಲು ಅವನ್ನು ಸಡಿಲಿಸುತ್ತದೆ, ವಯಸ್ಸೂ ಸಡಿಲಿಸುತ್ತದೆ. ವಯಸ್ಸಿಗೆ ಕೊಡೆಯಿಲ್ಲ, ಬಿಸಿಲಿಗಾದರೂ ಕೊಡೆಯುಂಟು. ಹೊರಗೆ ಹೆಚ್ಚು ತಿರುಗುವವರು ಎಸ್.ಪಿ.ಎಫ್. 30 ಎಂದು ಬರೆದಿರುವ, ಜಿಡ್ಡಿಲ್ಲದ ಬಿಸಿಲುತಡೆ ಲೇಪವನ್ನು ಹಚ್ಚಿಕೊಳ್ಳಬಹುದು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚದಿದ್ದರೆ ಪ್ರಯೋಜನ ಕಡಮೆ.

ಕಟ್ಟಿದ ಬಾಯಿಯನ್ನು ಬಿಡಿಸುವುದರಲ್ಲಿ ನಿಜವಾಗಿ ಕೆಲಸ ಮಾಡುವ ಔಷಧಗಳೂ ಕೆಲವುಂಟು. ಸ್ಯಾಲಿಸಿಲಿಕ್ ಆಮ್ಲವು ಎಣ್ಣೆಯಲ್ಲಿ ಕರಗಬಲ್ಲುದಾದ್ದರಿಂದ ಬಾವಿಯೊಳಕ್ಕಿಳಿದು ಹೊಟ್ಟನ್ನು ಸಡಿಲಿಸುತ್ತದೆ; ತೊಳೆಯುವ ದ್ರವಗಳಲ್ಲಿ ನೂರಕ್ಕೆ 2ರವರೆಗೆ ಸೇರಿಸಿರುತ್ತಾರೆ. ಬೆಂಜಾಯಿಲ್ ಪೆರಾಕ್ಸೈಡ್ ಕ್ರಿಮಿಗಳನ್ನು ಕೊಲ್ಲುತ್ತದೆ, ಜೊತೆಗೆ ಟವಲಿನ ಬಣ್ಣವನ್ನೂ ಕೊಲ್ಲುತ್ತದೆ; ಬಿಳಿಯ ಬಟ್ಟೆಯನ್ನೇ ಬಳಸಬೇಕು. ಅಡಾಪಲೀನ್, ಟ್ರೆಟಿನಾಯಿನ್ ಎಂಬುವು ರಾತ್ರಿಯ ಹೊತ್ತು ಮುಖಕ್ಕೆಲ್ಲ ಒಂದು ಕಡಲೆಕಾಳಿನಷ್ಟೇ ಹಚ್ಚತಕ್ಕವು. ವೈದ್ಯರ ಸಲಹೆಯಿಲ್ಲದೆ ಕೂಡದು, ಗರ್ಭಿಣಿಯರಿಗೂ ಗರ್ಭವನ್ನು ನಿರೀಕ್ಷಿಸುತ್ತಿರುವವರಿಗೂ ಕೂಡದು. ಇವೆಲ್ಲಕ್ಕೂ ಎರಡು ಮೂರು ತಿಂಗಳ ತಾಳ್ಮೆ ಬೇಕು. ಚರ್ಮದ ಮೇಲುಪದರವು ಹೊಸದಾಗಿ ಬೆಳೆದು ಮೇಲೆ ಬರುವುದಕ್ಕೇ ಒಂದು ತಿಂಗಳಿಗೆ ಕಡಮೆಯಿಲ್ಲದ ಕಾಲ ಹಿಡಿಯುತ್ತದೆ. ಏಳು ದಿನಗಳಲ್ಲಿ ಫಲವೆಂದು ಸಾರುವ ಡಬ್ಬಿಯನ್ನು ಅಂಗಡಿಯಲ್ಲಿಯೇ ಬಿಟ್ಟುಬನ್ನಿರಿ. ಮೊಬೈಲಿನಲ್ಲಿ ತೋರುವ ನಟನಟಿಯರ ಮುಖದಲ್ಲಿ ಒಂದೂ ರೋಮಕೂಪ ಕಾಣದಿರುವುದಕ್ಕೆ ಕಾರಣವು ಡಬ್ಬಿಯಲ್ಲ. ಚಿತ್ರವನ್ನು ತಿದ್ದುವ ಯಂತ್ರ. ಚರ್ಮವಿದ್ದಲ್ಲಿ ಕೂಪವಿರಲೇಬೇಕು. ಮಾತನಾಡುವಾಗ ನಮ್ಮೆದುರಿಗೆ ನಿಲ್ಲುವವರ ಕಣ್ಣು ಮಾರುದೂರದಲ್ಲಿರುತ್ತದೆ. ಹಿಗ್ಗಿಸಿದ ಚಿತ್ರದಷ್ಟು ಹತ್ತಿರ ಯಾರ ಕಣ್ಣೂ ಬರುವುದಿಲ್ಲ.

ಕೊನೆಯದಾಗಿ ಬೆವರಿನ ಬಾಯಿಗಳನ್ನು ಕುರಿತು ನಾಲ್ಕು ಮಾತು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಬೆವರನ್ನು ಒಯ್ಯುವ ಸ್ರೋತಸ್ಸುಗಳಿಗೆ ಮೇದಸ್ಸೂ ಲೋಮಕೂಪಗಳೂ ಮೂಲವೆಂದು ಹೇಳಿದೆ. ಕಂಕುಳು ಮೊದಲಾದ ಕೆಲವೆಡೆಗಳಲ್ಲಿ ಒಂದು ಬಗೆಯ ಬೆವರಿನ ಗ್ರಂಥಿಯು ನಿಜವಾಗಿಯೂ ಕೂದಲಿನ ಬಾವಿಯೊಳಕ್ಕೇ ತೆರೆಯುತ್ತದೆ. ಉಳಿದ ಮೈಯ ಬೆವರಿಗೆ ಬೇರೆಯೇ ಬಾಯಿಗಳುಂಟೆಂಬುದು ಸೂಕ್ಷ್ಮದರ್ಶಕವು ಬಂದಮೇಲೆ ತಿಳಿದದ್ದು. ಬೆರಳ ತುದಿಯ ಗೆರೆಗಳ ಮೇಲೆ ಸಾಲಾಗಿರುವ ಈ ಬಾಯಿಗಳನ್ನು ಇಂಗ್ಲೆಂಡಿನ ನೆಹಮಾಯ ಗ್ರೂ ಎಂಬ ವೈದ್ಯನು 1684ರಲ್ಲಿ ಚಿತ್ರಸಮೇತ ವರ್ಣಿಸಿದನು. ಇವುಗಳ ಸಂಖ್ಯೆ 20ರಿಂದ 40 ಲಕ್ಷ. ಬರಿಗಣ್ಣಿಗೆ ಕಾಣುವುದು ದುರ್ಲಭ. ಬೇಸಗೆಯಲ್ಲಿ ಇವು ಕಟ್ಟಿಕೊಂಡರೆ ಬರುವುದೇ ಬೆವರುಸಾಲೆ. ಎಳೆಯ ಮಕ್ಕಳ ಕುತ್ತಿಗೆ, ಬೆನ್ನು, ತೊಡೆಯ ಸಂದುಗಳಲ್ಲಿ ಹೆಚ್ಚು. ಚೈತ್ರ ವೈಶಾಖಗಳಲ್ಲಿ ಮಗುವಿಗೆ ದೃಷ್ಟಿಯಾಗುವುದೆಂದು ಉಣ್ಣೆಯ ಕುಲಾವಿ ಕಟ್ಟಿ ಸುತ್ತಿಡುವ ಪದ್ಧತಿಯನ್ನು ಬಿಡಬೇಕು. ತೆಳುವಾದ ಹತ್ತಿಯ ಅಂಗಿ, ಗಾಳಿಯಾಡುವ ಕೋಣೆ, ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುವುದು, ಇಷ್ಟರಿಂದ ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಸಾಲೆಯ ಮೇಲೆ ಎಣ್ಣೆ ಹಚ್ಚಿದರೆ ಕಟ್ಟಿದ ಬಾಯಿ ಮತ್ತಷ್ಟು ಕಟ್ಟುತ್ತದೆ. ಪೌಡರನ್ನು ಮಗುವಿನ ಮುಖದ ಬಳಿ ಎರಚಲೇಬಾರದು; ಆ ಪುಡಿಯು ಉಸಿರಿನೊಡನೆ ಪುಪ್ಪುಸಕ್ಕೆ ಹೋಗುತ್ತದೆ. ಗುಳ್ಳೆಗಳಲ್ಲಿ ಕೀವು ತುಂಬಿದರೆ, ಜ್ವರ ಬಂದರೆ, ಮಗುವು ಹಾಲು ಕುಡಿಯಲೊಲ್ಲದೆ ಹೋದರೆ ಅಂದೇ ವೈದ್ಯರಿಗೆ ತೋರಿಸತಕ್ಕದ್ದು.

ತಲೆಯ ಹೊಟ್ಟನ್ನು ಕುರಿತು ಮೂವರು ವಾಚಕರು ಕೇಳಿರುವ ಪ್ರಶ್ನೆಗೆ ಸ್ಥಳಾಭಾವದಿಂದ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇವೆ.